ಪಾರ್ಕ್ ಅವರ ರೈಲಿಗೆ ನಮ್ಮ ಸಂತಾಪ

ರೈಲು ತೀರಿಕೊಂಡರೆ ಸಂತಾಪ ಸೂಚಿಸುವುದು ಹೇಗೆ?

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿರುವ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಪಾರ್ಕ್, ಕೊರಿಯಾದವರು. ಹೊಸ ವರ್ಷದ ರಜೆ ಮುಗಿಸಿ ಬಂದವರು ಮಂಕಾಗಿದ್ದರು. ವಿಚಾರಿಸಿದೆ. "ನಮ್ಮೂರಿನ ಪುಟ್ಟ ರೈಲನ್ನು ನಿಲ್ಲಿಸಿಬಿಟ್ಟರು" ಎಂದರು. ಅಷ್ಟರಲ್ಲಿ ಫೋನ್ ಬಂತು. ಮಾತು ಅಲ್ಲೇ ಉಳಿಯಿತು.

ದುಃಖದಲ್ಲಿರುವವರನ್ನು ಮಾತನಾಡಿಸದೆ ಬಿಡುವುದು ನಮ್ಮ ಸಂಪ್ರದಾಯವಲ್ಲ. ಶನಿವಾರ ಕೆಂಟನ್ನಿನ ನಮ್ಮ ಮನೆಗೆ ಊಟಕ್ಕೆ ಕರೆದೆ. (ಕೊರಿಯಾದ ಬಗ್ಗೆ ತಪ್ಪು ಮಾತನಾಡಬಾರದೆಂದು ಲೈಬ್ರರಿಯಿಂದ ಪುಸ್ತಕವನ್ನೂ ತಂದಿದ್ದೆ. ಮನೆತನದ ಮೊದಲ ಪದವೀಧರನ ಭಯಗಳು ಲಂಡನ್ನಿಗೆ ಬಂದರೂ ಹೋಗುವುದಿಲ್ಲ.) ಜೊತೆಗಿರಲೆಂದು ಧಾರವಾಡದ ಗುರುನಾಥರಾಯರನ್ನೂ ಕುಂದಾಪುರದ ಸದಾನಂದರನ್ನೂ ಆಹ್ವಾನಿಸಿದೆ.

ಪಾರ್ಕ್ ಆರಂಭಿಸಿದರು: "ಅದು ನ್ಯಾರೋ ಗೇಜ್. ಬಹಳ ನಿಧಾನ..."

"ನಿಧಾನ ಅಂದ್ರ?" ಗುರುನಾಥರಾಯರು ಚಪಾತಿ ಕೆಳಗಿಟ್ಟರು. "ನಮ್ಮ ಗದಗ-ಸೊಲ್ಲಾಪುರ ಗಾಡಿ ಹತ್ಯಾರೇನು ಇವರು? ಇಳಿದು, ಹೊಲದಾಗ ಸೀತನಿ ತಿಂದು, ಮತ್ತ ಹತ್ತಬಹುದಿತ್ತು. ಇಂಗ್ಲೀಷಿನ್ಯಾಗ ಹೇಳ್ರಿ ಅವರಿಗೆ!"

ಹೇಳಿದೆ. ಸೀತನಿಯೆಂದರೆ ಸುಟ್ಟ ಹಸಿ ಜೋಳವೆಂದು ವಿವರಿಸುವಷ್ಟರಲ್ಲಿ ಪಲ್ಯ ಆರಿತು. ಪಾರ್ಕ್ ತಲೆಯಾಡಿಸಿ, "ಅದರಲ್ಲಿ ನನ್ನ ತಾಯಿ..." ಎಂದರು.

"ನಿಮ್ಗೆಲ್ಲ ರೈಲಾದ್ರೂ ಇತ್ತಲ್ಲ ಮಾರಾಯ್ರೆ!" ಎಂದರು ಸದಾನಂದರು. "ನಾನು ಊರು ಬಿಡುವವರೆಗೂ ಕುಂದಾಪುರದಲ್ಲಿ ರೈಲೇ ಇರ್ಲಿಲ್ಲ. ಇವ್ರದ್ದು ಬಂದು ಹೋದದ್ದು. ನಮ್ದು ಬರ್ಲೇ ಇಲ್ಲ. ಯಾರ ದುಃಖ ದೊಡ್ಡದು, ಹೇಳಿ?"

ಊಟ ಮುಗಿದರೂ ತೀರ್ಪು ಬರಲಿಲ್ಲ. ನಮ್ಮಲ್ಲಿ ಎಲ್ಲೆಡೆ ಹೀಗೆಯೇ ಅಲ್ಲವೇ? ತಂದೆಯನ್ನು ಕಳೆದುಕೊಂಡವರನ್ನು ಮಾತನಾಡಿಸಲು ಹೋಗಿ, ನಮ್ಮ ಮಾವನ ಆಪರೇಷನ್ ವಿವರಿಸಿ ಬರುತ್ತೇವೆ. ಸಂತಾಪವೂ ಒಂದು ಕಾಂಪಿಟಿಷನ್.

ನಾಚಿಕೆಯಾಗಿ, ಪಾರ್ಕ್ ಅವರನ್ನು ಸ್ಟೇಷನ್‌ವರೆಗೆ ಬಿಡಲು ಹೊರಟೆ. ಪ್ಲಾಟ್‌ಫಾರ್ಮಿನ ಚಳಿಯಲ್ಲಿ ಅವರು ಕೊನೆಗೂ ಹೇಳಿದರು. ಜಪಾನಿನವರು ಕೊರಿಯಾವನ್ನು ಆಳುತ್ತಿದ್ದಾಗ, ಕಡಲತೀರದ ಉಪ್ಪನ್ನು ಬಂದರಿಗೆ ಸಾಗಿಸಲೆಂದು ಸುವೊನ್ ಮತ್ತು ಇಂಚಿಯೋನ್ ನಡುವೆ ಹಾಕಿದ ಹಳಿ ಅದು. ಆಳಿದವರು ಹೋದರು, ರೈಲು ಉಳಿಯಿತು. ಎದುರುಬದುರು ಕುಳಿತವರ ಮೊಣಕಾಲು ತಾಗುವಷ್ಟು ಕಿರಿದಾದ ಡಬ್ಬಿ. ನಡುವೆ ಮೀನು ಮಾರುವ ಹೆಂಗಸರ ಬುಟ್ಟಿಗಳು. ಆಮೇಲೆ ಬಸ್ಸುಗಳು ಬಂದವು, ಜನ ಅತ್ತ ಹೋದರು.

"ಆ ಬುಟ್ಟಿಗಳಲ್ಲಿ ಒಂದು ನನ್ನ ತಾಯಿಯದು. ನಾನು ಕಾಲೇಜು ಓದಿದ್ದು ಅದರಿಂದಲೇ. ನಮ್ಮ ಮನೆಯಲ್ಲಿ ಓದಿದ ಮೊದಲಿಗ ನಾನು. ತಾಯಿ ಹೋದ ಮೇಲೂ ರೈಲಿದೆಯಲ್ಲ ಎಂದುಕೊಂಡಿದ್ದೆ." ಮತ್ತೇನನ್ನೋ ಹೇಳಲು ಅವರು ನನ್ನತ್ತ ತಿರುಗಿದರು.

ಅವರ ಕೈ ಹಿಡಿದು, ಮನಃಪೂರ್ವಕವಾಗಿ ಬಾಯಿ ತೆರೆದೆ: "ನಮ್ಮ ವಿಜಾಪುರದ ಸ್ಟೇಷನ್ನಿನಲ್ಲಿ ನಮ್ಮಪ್ಪ ಕೂಡ..."

ಟ್ಯೂಬ್ ರೈಲು ಬಂದೇಬಿಟ್ಟಿತು. ಪಾರ್ಕ್ ತಲೆಬಾಗಿ ವಂದಿಸಿ, ಹತ್ತಿಕೊಂಡರು.

ನೀವೇ ಹೇಳಿ, ಲಂಡನ್ನಿನ ಟ್ಯೂಬ್ ಎಂದಾದರೂ ಇಷ್ಟು ಸಕಾಲಕ್ಕೆ ಬಂದದ್ದುಂಟೇ?