ಎರಡನೇ ಸೈಡಿನ ಕೊನೆಯ ಹಾಡು

ಶೇಂಗಾ ಹುರಿಯುವ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ನಾಚಿಕೆಯಾಗುತ್ತದೆ. ಮೊನ್ನೆ ನಮ್ಮ ಬೀದಿಯಲ್ಲಿ ಗಾಡಿಯವನು ಹುರಿಯುತ್ತಿದ್ದ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಆಂಧ್ರದ ಗಡಿಯ ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಗೆ ಮಡಕಶಿರಾ ಕಡೆಯ ರೊಳ್ಳದಿಂದ ಸೊಸೆಯಾಗಿ ಬಂದವರೊಬ್ಬರಿದ್ದರು. ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ಮಧ್ಯಾಹ್ನ ಶೇಂಗಾ ಹುರಿದು ಸಿಪ್ಪೆ ಬಿಡಿಸಲು ಕೂತರೆ ಕಿಟಕಿಯಲ್ಲಿ ಟೇಪ್ ರೆಕಾರ್ಡರ್ ಹಾಡಲೇಬೇಕು. ಕ್ಯಾಸೆಟ್ ಯಾವಾಗಲೂ ಅದೊಂದೇ, ಒಂದು ತೆಲುಗು ಸಿನಿಮಾದ್ದು. ಮಾತಿಗಿಂತ ಹಾಡೇ ಹೆಚ್ಚಿದ್ದ ಆ ಸಿನಿಮಾ ಬಂದ ವಾರದಲ್ಲೇ ಮಕಾಡೆ ಮಲಗಿತ್ತು. ಆಮೇಲೆ ಅದೇನು ಮಾಯೆಯೋ, ಟಾಕೀಸಿನವರು ಮತ್ತೆ ಮತ್ತೆ ತಂದರು, ನೋಡಿದವರೇ ಮತ್ತೆ ನೋಡಿದರು.

ಸಿನಿಮಾ ಎಂದರೆ ನಮ್ಮಪ್ಪನ ಕಣ್ಣು ಕೆಂಪಾಗುತ್ತಿತ್ತು. ಹಾಗಾಗಿ ಅತ್ತೆಯೇ ನನಗೆ ಟಾಕೀಸು. ಹಾಡು ಮುಗಿದಾಗಲೆಲ್ಲ ಟೇಪ್ ನಿಲ್ಲಿಸಿ ಕತೆ ಹೇಳುತ್ತಿದ್ದರು. ದೋಣಿಯವನು ಹೊರಟುಹೋಗುತ್ತಾನೆ, ಹುಡುಗಿ ಕಾಯುತ್ತಾಳೆ, ಎರಡನೇ ಸೈಡಿನ ಕೊನೆಯ ಹಾಡಿನಲ್ಲಿ ನಾದಸ್ವರ ಮೊಳಗಿ ಇಬ್ಬರಿಗೂ ಮದುವೆ... ಅದನ್ನೇ ನಾನು ಬಳ್ಳಾರಿಯಲ್ಲಿ ನೋಡಿ ಬಂದೆನೆಂದು ಶಾಲೆಯಲ್ಲಿ ಗೆಳತಿಯರಿಗೆ ಕತೆ ಹೇಳಿ ಜಂಬ ಕೊಚ್ಚಿದೆ.

ಅಪ್ಪ ಕಣೇಕಲ್ಲಿಗೆ ಹೋದ ಒಂದು ದಿನ ಅವ್ವ ನನ್ನನ್ನು ಗೆಳತಿಯರ ಜೊತೆ ಸಿನಿಮಾಕ್ಕೆ ಕಳಿಸಿದಳು. ಪರದೆಯ ಮೇಲೆ ಹೆಸರುಗಳು ಮುಗಿದವೋ ಇಲ್ಲವೋ, ನಾದಸ್ವರ! ಆ ಮದುವೆ ಕಾಯುವ ಹುಡುಗಿಯದಲ್ಲ, ಅವಳ ಅಕ್ಕನದು. ಕ್ಯಾಸೆಟ್ಟಿನಲ್ಲಿ ಹಾಡುಗಳು ಬರುವ ಕ್ರಮ ಬೇರೆ, ಸಿನಿಮಾದಲ್ಲಿ ಬೇರೆ.

"ಮುಗೀತಲ್ಲ ನಿನ್ ಸಿನಿಮಾ. ಏಳು, ಮನೀಗೆ ಹೋಗೋಣ" ಎಂದಳು ಪಕ್ಕದ ಗೆಳತಿ. ಬೆಂಚಿಗೆ ಬೆಂಚೇ ನಕ್ಕಿತು. ಕೊನೆಯವರೆಗೂ ಆ ದೋಣಿಯವನು ಬರಲೇ ಇಲ್ಲ.

ಜಗಳ ತೆಗೆಯಲೆಂದೇ ಅತ್ತೆಯ ಮನೆಗೆ ನುಗ್ಗಿದೆ. ಶೇಂಗಾ ಕೇರುತ್ತಿದ್ದವರು ಮೊರ ಕೆಳಗಿಟ್ಟು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮದ್ವೆ ಚೆಂದಾಗ್ ತೆಗ್ದವ್ರಾ? ಅವ್ಳಿಗೆ ಯಾವ ಬಣ್ಣದ್ ಸೀರೆ ಉಡ್ಸವ್ರೆ?"

ಆಗ ತಿಳಿಯಿತು, ಅವರೂ ನೋಡಿರಲಿಲ್ಲ. ಆ ಮನೆಯ ಸೊಸೆಯಂದಿರು ಟಾಕೀಸಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಹಾಡು ಕೇಳಿ, ಕ್ಯಾಸೆಟ್ ಡಬ್ಬಿಯ ಮೇಲಿನ ದೋಣಿಯ ಚಿತ್ರ ನೋಡಿ ಕತೆ ಹೆಣೆದಿದ್ದರು. ನನ್ನ ಸಿಟ್ಟು ಜರ್ರನೆ ಇಳಿಯಿತು.

"ಹಸಿರು ಸೀರೀರಿ ಅತ್ತಿ. ಎಲ್ಲಾ ನೀವು ಹೇಳ್ದಂಗ ಐತಿ" ಎಂದೆ.

ಒಳ್ಳೆಯದು ಮಾಡಿದೆ ಎಂದುಕೊಂಡೆ. ಅತ್ತೆ ಅದನ್ನು ನಂಬಿ, ಹಸಿರು ಸೀರೆಯನ್ನೂ ಸೇರಿಸಿ, ಬೀದಿಯ ಹೆಂಗಸರಿಗೆಲ್ಲ ಕಟ್ಟೆಯ ಮೇಲೆ ಕತೆ ಹೇಳಿದರು. ಸಿನಿಮಾ ನೋಡಿದವರೂ ಅಲ್ಲಿದ್ದರು. ನಗು ಎದ್ದಿತು. ಅತ್ತೆ ಗಾಬರಿಯಾಗದೆ ನನ್ನ ಕಡೆ ಕೈ ತೋರಿಸಿದರು: "ಈ ಹುಡುಗಿ ನೋಡ್ಕಂಡ್ ಬಂದೈತೆ, ಕೇಳ್ರಿ."

ನಾನು ತಲೆ ತಗ್ಗಿಸಿದೆ. ನಗು ಇನ್ನೂ ಜೋರಾಯಿತು... ಟಾಕೀಸಿನಲ್ಲಿ ನಾನು ಉಂಡ ಅವಮಾನವನ್ನೇ ಅವರಿಗೂ ಬಡಿಸಿದ್ದೆ. ಅವರು ನನ್ನನ್ನು ಬೈಯಲಿಲ್ಲ, ಶೇಂಗಾ ಕೊಡುವುದನ್ನೂ ಬಿಡಲಿಲ್ಲ. ಕ್ಯಾಸೆಟ್ ಹಾಕಿದಾಗ ಮಾತ್ರ ಕೊನೆಯ ಹಾಡು ಬರುವ ಮೊದಲೇ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದರು.

ಅತ್ತೆ ಈಗಿಲ್ಲ. ಆ ಹಾಡುಗಳು ಫೋನಿನಲ್ಲಿವೆ, ಕ್ಯಾಸೆಟ್ಟಿನ ಅದೇ ಕ್ರಮದಲ್ಲಿ. ಮೊನ್ನೆ ಬಾಗಿಲು ಹಾಕಿಕೊಂಡು ಅಷ್ಟೂ ಕೇಳಿದೆ. ದೋಣಿಯವನು ಹೋದ, ಹುಡುಗಿ ಕಾದಳು, ಕೊನೆಗೆ ನಾದಸ್ವರ ಮೊಳಗಿತು. ಈ ಕ್ರಮದಲ್ಲಿ ಕೇಳಿದರೆ ಅತ್ತೆ ಹೇಳಿದ ಕತೆ ಪೂರ್ತಿ ಸರಿ. ಹಸಿರು ಸೀರೆ ಒಂದೇ ಸುಳ್ಳು, ಅದು ನನ್ನದು.