ಡ್ರೈವರ್ ಮಾವನ ಸ್ಟೇರಿಂಗು

ಹುಳು ಮನೆ ತೊಳೆಯೋ ದಿನ ಬ್ಲೀಚಿಂಗ್ ಪುಡಿ ವಾಸನೆಗೆ ಮೂಗು ಸತ್ತೇ ಹೋಗಿರುತ್ತೆ. ಅಂಥದ್ದರಲ್ಲೂ ಹೋದ ವಾರ ಗೋಡೆ ಮೂಲೆಯಿಂದ ಕೆರೆ ಪಾಚಿಯ ವಾಸನೆ ಬಂತು. ರೇಷ್ಮೆ ಹುಳು ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗಳನ್ನ ಬಿಸಿಲಿಗೆ ಹಾಕೋಣ ಅಂತ ಒಂದೊಂದಾಗಿ ಎಳೆದೆ. ಹಿಂದೆ ಒಂದು ಹಲಸಿನ ಹಲಗೆ ನಿಂತಿತ್ತು. ನಾನು ಎರಚಿದ ನೀರು ಅದರ ಮೇಲೂ ಬಿದ್ದು, ಒಣಗಿ ಕೂತಿದ್ದ ವಾಸನೆ ಎದ್ದಿತ್ತು. ಹಲಗೆಯ ಒಂದು ಅಂಚು ದುಂಡಗೆ, ಇನ್ನೊಂದು ದೋಸೆ ಅಂಚಿನ ಹಾಗೆ ತೆಳ್ಳಗೆ. ಉದ್ದಕ್ಕೆ ಒಂದು ಕಬ್ಬಿಣದ ಪೈಪು, ಪೈಪಿನ ತುದಿಗೆ ಮರದ ಹಿಡಿ. ಎದುರುಮನೆ ಮಾವನ ಸ್ಟೇರಿಂಗು ಅದು.

ಚುಕ್ಕಾಣಿ ಅನ್ನೋ ಮಾತನ್ನ ನಾನು ಪೇಪರಲ್ಲಿ ಓದಿದ್ದೆ ಅಷ್ಟೆ, ಯಾರೋ ಪಕ್ಷದ ಚುಕ್ಕಾಣಿ ಹಿಡಿದರು ಅಂತ. ನಮ್ಮೂರಿಗೆ ದೋಣಿಯೂ ಗೊತ್ತಿರಲಿಲ್ಲ, ಚುಕ್ಕಾಣಿಯೂ ಗೊತ್ತಿರಲಿಲ್ಲ. ಮಾವ ಅದನ್ನ ಸ್ಟೇರಿಂಗು ಅಂದರು, ನಾವೂ ಹಾಗೇ ಅಂದೆವು.

ಮಾವ ನಮಗೆ ರಕ್ತಸಂಬಂಧ ಏನಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಎದುರುಮನೆಯವರನ್ನ ಮಾವ, ಅತ್ತೆ ಅನ್ನು ಅಂದರು, ಅಂದೆ. ಮಾವ ನರಸಾಪುರದ ಕಾರ್ಖಾನೆಗಳಿಗೆ ಶಿಫ್ಟ್ ಬಸ್ ಓಡಿಸುತ್ತಿದ್ದರು. ಕೆಲಸ ಬಿಟ್ಟ ಮೇಲೂ ಖಾಕಿ ಅಂಗಿ ಬಿಡಲಿಲ್ಲ. ಸಿಟ್ಟು ಬಂದರೆ ತೆಲುಗು, ಸಿಟ್ಟು ಇಳಿದರೆ ಕನ್ನಡ. ಯಾರ ಮಾತನ್ನೂ ಕೇಳೋ ಆಸಾಮಿ ಅಲ್ಲ. ನಾವು ಇವತ್ತು ಹೇಳಿದ್ದನ್ನ ನಾಳೆ ತಮ್ಮದೇ ಐಡಿಯಾ ಅಂತ ನಮಗೇ ಹೇಳೋರು. ಹಿಪ್ಪುನೇರಳೆ ತೋಟ ಅವರದು, ಹುಳು ಮನೆ ನಮ್ಮದು, ಬಂದ ಗೂಡು ಇಬ್ಬರಿಗೂ ಸಮಪಾಲು. ಎರಡು ಮನೆಯ ಅನ್ನ ಆ ಹುಳುಗಳ ಮೇಲೆ ನಿಂತಿತ್ತು.

ತೋಟ ಇದ್ದದ್ದು ಕೆರೆಯ ಆಚೆ ದಡದಲ್ಲಿ. ಕೆರೆ ಒಣಗಿದ್ದ ವರ್ಷಗಳಲ್ಲಿ ಅದೊಂದು ದೂರವೇ ಅಲ್ಲ. ಕೆರೆ ಅಂಗಳದಲ್ಲಿ ಜಾಲಿ ಗಿಡಗಳ ನಡುವೆ ಕಾಲುದಾರಿ ಬಿದ್ದಿತ್ತು, ಸೊಪ್ಪಿನ ಹೊರೆ ಹೊತ್ತು ನಡೆದರೆ ಬೆವರು ಬರೋ ಮುಂಚೆ ಮನೆ. ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋಕೆ ಶುರು ಮಾಡಿದ ಮೇಲೆ ಕೆರೆ ತುಂಬಿತು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಊರೆಲ್ಲಾ ಖುಷಿ. ನಮ್ಮ ಕಾಲುದಾರಿ ಮಾತ್ರ ಮುಳುಗಿತು. ಸುತ್ತಿಕೊಂಡು ಬರೋಣ ಅಂದರೆ ಹೊಲದ ಬದುಗಳ ಮೇಲೆ ನಡೆದೇ ಬರಬೇಕು, ಆ ಬಿಸಿಲಿಗೆ ಸೊಪ್ಪು ಬಾಡಿ ಬಟ್ಟೆಯಾಗುತ್ತಿತ್ತು. ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ಕೊನೇ ಸಲ ಪೊರೆ ಬಿಟ್ಟ ಹುಳು, ಮಳೆ ಸುರಿದ ಸದ್ದಿನಲ್ಲಿ ತಿನ್ನುತ್ತೆ. ಅದಕ್ಕೆ ಬಾಡಿದ್ದು ಹಾಕಿದರೆ ಮುಟ್ಟಲ್ಲ. ಒದ್ದೆಯದು ಹಾಕಿದರೆ ತಿನ್ನುತ್ತೆ, ರೋಗ ಬಂದು ಸಾಯುತ್ತೆ.

ಮೀನು ಹಿಡಿಯೋರು ಬಿಟ್ಟುಹೋದ ಒಂದು ಫೈಬರ್ ದೋಣಿಯನ್ನ ಮಾವ ಹೇಗೋ ಹೊಂದಿಸಿಕೊಂಡು ಬಂದರು. ನಮ್ಮನೆಯವರು ನಡುವೆ ಕೂತು ಹುಟ್ಟು ಹಾಕೋದು, ಮಾವ ಹಿಂದೆ ಕೂರೋದು ಅಂತಾಯಿತು. ಖಾಲಿ ದೋಣಿ ಚೆನ್ನಾಗಿಯೇ ಹೋಯಿತು. ಬರುವಾಗ ಸೊಪ್ಪಿನ ಹೊರೆ ಆಳೆತ್ತರ ಪೇರಿಸಿದರೆ ಮೂಡಲ ಗಾಳಿ ಅದಕ್ಕೆ ಬಡಿದು ದೋಣಿಯನ್ನ ಎಲ್ಲೆಲ್ಲಿಗೋ ತಳ್ಳಿತು. ಹುಟ್ಟಿನಲ್ಲೇ ತಿರುಗಿಸೋದು ಆಗದ ಮಾತು. ಆಗ ಹುಟ್ಟಿದ್ದು ಈ ಸ್ಟೇರಿಂಗು.

ಮೊದಲನೆಯದು ಇದಲ್ಲ. ಮೊದಲನೆಯದು ಅಡುಗೆಮನೆ ಕಿಟಕಿ ಬಾಗಿಲಿನಷ್ಟು ಅಗಲ, ಆಳ ಮಾತ್ರ ಮೊಣಕಾಲಷ್ಟೂ ಇಲ್ಲ. ದೊಡ್ಡ ಗಾಡಿಗೆ ದೊಡ್ಡ ಸ್ಟೇರಿಂಗ್ ಇರಬೇಕು ಅನ್ನೋದು ಮಾವನ ಲೆಕ್ಕ. ಬಾಗಿಲಿನ ಕೀಲುಗಳನ್ನೇ ಹಾಕಿ ದೋಣಿಯ ಹಿಂಬದಿಗೆ ತೂಗುಹಾಕಿದರು. ಅಲೆ ಎದ್ದು ದೋಣಿಯ ಹಿಂಭಾಗ ಸ್ವಲ್ಪ ಮೇಲೆ ಬಂದರೆ ಸಾಕು, ಅರ್ಧ ಹಲಗೆ ಗಾಳಿಯಲ್ಲಿರುತ್ತಿತ್ತು. ಹಿಡಿಯಂತೂ ಎರಡು ಕೈಯಲ್ಲಿ ಎಳೆದರೂ ಜಗ್ಗಲ್ಲ. ದೋಣಿ ತಿರುಗದಿದ್ದಾಗ ಮಾವ ಬಸ್ಸಿನ ಅಭ್ಯಾಸದಲ್ಲಿ ಪೂರ್ತಿ ಒಡೆಯೋರು, ಅಂದರೆ ಹಿಡಿಯನ್ನ ಕೊನೆಯವರೆಗೂ ತಿರುಗಿಸೋರು. ಪೂರ್ತಿ ಒಡೆದರೆ ಹಲಗೆ ನೀರಿಗೆ ಅಡ್ಡ ನಿಂತು ದೋಣಿ ಅಲ್ಲೇ ನಿಲ್ಲುತ್ತಿತ್ತು. ನಿಂತ ದೋಣಿಯಲ್ಲಿ ಮಾವ ಇನ್ನೂ ಸ್ಟೇರಿಂಗ್ ತಿರುಗಿಸುತ್ತಲೇ ಇರೋರು, ಗಾಳಿ ನಿಧಾನಕ್ಕೆ ನೂಕಿಕೊಂಡು ಹೋಗಿ ನೀರಲ್ಲಿ ಸತ್ತು ನಿಂತಿದ್ದ ಜಾಲಿ ಮರಗಳಿಗೆ ಸಿಕ್ಕಿಸೋದು. ಅಡ್ಡಕ್ಕೆ ಅಲೆ ಹೊಡೆದು ಒಂದು ಬದಿಯ ಸೊಪ್ಪೆಲ್ಲಾ ತೊಪ್ಪೆ.

ದಡದಲ್ಲಿ ಅತ್ತೆ ಸೊಪ್ಪು ಮುಟ್ಟಿ ನೋಡಿದರು. ಒಂದು ಹೊರೆಯನ್ನೂ ಹುಳು ಮನೆಯೊಳಕ್ಕೆ ಬಿಡಲಿಲ್ಲ. ಜಗುಲಿ ಮೇಲೆ, ಮಂಚದ ಮೇಲೆ, ಕೊನೆಗೆ ದೇವರ ಕೋಣೆ ಮುಂದೆ ಕೂಡ ಸೊಪ್ಪು ಹರವಿ ಫ್ಯಾನ್ ಹಾಕಿ ಕೂತೆವು. ಒಳಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಹಸಿದ ಹುಳು ಕೂಗಲ್ಲ, ಅದೇ ನೋಡೋಕೆ ಕಷ್ಟ. ನನಗೆ ಮಾವನ ಮೇಲೆ ಕೆಟ್ಟ ಕೋಪ ಬಂತು.

ಅತ್ತೆಯೇ ಹೇಳಿದ್ದು. “ನೋಡ್ರೀ, ನೀವು ದೋಣಿ ತಿರುಗಿಸ್ತಿಲ್ಲ. ಬ್ರೇಕ್ ಹಾಕ್ತಿದ್ದೀರಿ.”

“ನೋರು ಮುಯ್ಯಿ” ಅಂದರು ಮಾವ. ಬಾಯಿ ಮುಚ್ಚು ಅಂತ. ಮಾರನೇ ದಿನ ನನ್ನ ಹತ್ತಿರ ಬಂದು, “ಏನಮ್ಮ, ರಾತ್ರಿಯೆಲ್ಲಾ ಯೋಚನೆ ಮಾಡಿದೆ. ಅದು ಬ್ರೇಕ್ ಆಗ್ತಾ ಇದೆ” ಅಂದರು. ಅತ್ತೆ ಒಳಗಿಂದ ಕೇಳಿಸಿಕೊಂಡು ನಕ್ಕಿದ್ದು ನನಗೆ ಕೇಳಿಸಿತು.

ಎರಡನೆಯದು ಕ್ರಿಕೆಟ್ ಬ್ಯಾಟಿನ ಹಾಗೆ ಸಣಕಲು, ಆಳಕ್ಕೆ ಇಳಿಯೋದು. ಅದನ್ನ ಬೆರಳಷ್ಟು ಆಡಿಸಿದರೂ ದೋಣಿ ಮಾತು ಕೇಳುತ್ತಿತ್ತು. ಆ ದಿನಗಳಲ್ಲೇ ಮಾವನ ಬಾಯಲ್ಲಿ “ಕೊಂಚೆಂ, ಕೊಂಚೆಂ” ಅನ್ನೋ ಮಾತು ಶುರುವಾಗಿದ್ದು. ಸ್ವಲ್ಪ, ಸ್ವಲ್ಪವೇ ಅಂತ ತಮಗೆ ತಾವೇ ಹೇಳಿಕೊಳ್ಳೋರು. ಹಿಡಿಯನ್ನ ಎಡಕ್ಕೆ ನೂಕಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತೆ ಅನ್ನೋದನ್ನ ಕೈಗೆ ಕಲಿಸೋಕೆ ಬಸ್ ಡ್ರೈವರಿಗೆ ಎಷ್ಟು ಕಷ್ಟ ಆಯಿತೋ… ಆದರೆ ಆಳದ ಹಲಗೆಗೆ ನೀರೊಳಗಿನ ಕಳೆಯೆಲ್ಲಾ ಜಡೆಯಾಗಿ ಸುತ್ತಿಕೊಂಡಿತು. ಒಂದು ದಿನ ಮುಳುಗಿದ್ದ ಜಾಲಿ ಬೊಡ್ಡೆಗೆ ತಗುಲಿ ಕೀಲು ಸಮೇತ ಕಿತ್ತುಕೊಂಡು ಹೋಯಿತು. ಮಾವ ಅದು ಮುಳುಗಿದ ಜಾಗವನ್ನ ಬಹಳ ಹೊತ್ತು ತೆಲುಗಿನಲ್ಲಿ ಬೈದರು.

ಮೂರನೆಯದೇ ಈ ಹಲಗೆ. ಆಳ ಇದೆ, ಆದರೆ ಮುಂದಿನ ಅಂಚು ಕೆಳಗೆ ಹೋಗ್ತಾ ಹಿಂದಕ್ಕೆ ಓರೆ, ಕಳೆ ಸುತ್ತಿಕೊಳ್ಳದೆ ಜಾರಿ ಹೋಗಲಿ ಅಂತ. ನೀರು ಸೀಳೋ ಅಂಚು ದುಂಡಗೆ, ನೀರು ಬಿಡೋ ಅಂಚು ತೆಳ್ಳಗೆ. ಕೀಲಿನ ಬದಲು ಪೈಪು ಹಾಕಿ, ಹಲಗೆಯ ಸ್ವಲ್ಪ ಭಾಗವನ್ನ ಪೈಪಿನ ಮುಂದಕ್ಕೂ ಬಿಟ್ಟರು. ಹಿಂದಿನ ಭಾಗವನ್ನ ನೀರು ತಳ್ಳುವಾಗ ಮುಂದಿನ ಭಾಗವನ್ನೂ ತಳ್ಳುತ್ತೆ, ಕೈ ಮೇಲಿನ ಭಾರ ಇಳಿಯುತ್ತೆ. ಮೊದಲು ಮುಂದಕ್ಕೆ ಜಾಸ್ತಿ ಬಿಟ್ಟುಬಿಟ್ಟು ಹಿಡಿ ತಾನಾಗಿ ಪಟಾರನೆ ತಿರುಗಿ ಮಾವನ ಪಕ್ಕೆಗೆ ಹೊಡೆಯಿತು. ಆಮೇಲೆ ದಿನಾ ಒಂಚೂರು ಕೆತ್ತೋದು, ನೀರಿಗೆ ಇಳಿಸೋದು, ಮತ್ತೆ ಕೆತ್ತೋದು. ಕೊನೆಗೆ ಎರಡು ಬೆರಳಲ್ಲಿ ಹಿಡಿಯೋ ಹಾಗಾಯಿತು. ಸೊಪ್ಪು ಒದ್ದೆಯಾಗದೆ, ಬಾಡದೆ ದಡ ಸೇರಿತು. ಆ ಸಲದ ಗೂಡು ಬೆಳ್ಳಿ ನಾಣ್ಯದ ಹಾಗೆ ಗಟ್ಟಿಯಾಗಿತ್ತು.

ಆದರೂ ಕೆತ್ತೋದನ್ನ ನಿಲ್ಲಿಸಲಿಲ್ಲ. “ಸಾಕಲ್ಲ ಮಾವ, ಇನ್ನೂ ಎಷ್ಟು ಹಗುರ ಮಾಡ್ತೀರಿ? ನಿಮ್ಮ ಕೈ ಗಟ್ಟಿ ಇದೆಯಲ್ಲ” ಅಂತ ಕೇಳಿದೆ.

“ನನ್ ಕೈಗಲ್ಲಮ್ಮ. ನಿಮ್ಮತ್ತೆ ಹಿಡೀಬೇಕಾಗಿ ಬಂದ್ರೆ ಅವಳ ಮಣಿಕಟ್ಟು ನೋಯ್ಬಾರ್ದು” ಅಂದರು. “ಅವಳಿಗೆ ಹೇಳ್ಬೇಡ ಮತ್ತೆ, ತಲೆ ಮೇಲೆ ಕೂತ್ಕೋತಾಳೆ.”

ಹೇಳಿದರೇ ಹೊರತು ಅತ್ತೆಗೆ ಹಿಡಿಯನ್ನ ಒಂದು ದಿನವೂ ಕೊಡಲಿಲ್ಲ. ಡ್ರೈವರ್ ಸೀಟಲ್ಲಿ ಇನ್ನೊಬ್ಬರು ಕೂರೋದು ಅಂದರೆ ಅವರಿಗೆ ಮೈಯೆಲ್ಲಾ ಉರಿ.

ಮಾವ ಹೋದದ್ದು ಬೆಳಗ್ಗೆ, ಕಾಫಿ ಕುಡೀತಾ. ಎದೆ ಹಿಡಿದುಕೊಂಡರು, ಲೋಟ ಕೆಳಗಿಡಲಿಲ್ಲ… ಆಗ ನಮ್ಮ ಹುಳುಗಳು ಕೊನೇ ಹಂತದಲ್ಲಿದ್ದವು, ಇವತ್ತೋ ನಾಳೆಯೋ ಹಣ್ಣಾಗಿ, ಅಂದರೆ ತಿಂದು ಮುಗಿಸಿ, ಗೂಡು ಕಟ್ಟೋಕೆ ಚಂದ್ರಿಕೆ ಏರಬೇಕು. ಸಾವಿನ ಮನೆ ಹೊಸ್ತಿಲು ತುಳಿದವರು ಆ ದಿನ ಸೊಪ್ಪು ಮುಟ್ಟೋ ಹಾಗಿಲ್ಲ, ಹುಳು ಮನೆಗೆ ಕಾಲಿಡೋ ಹಾಗಿಲ್ಲ. ನಮ್ಮ ಕಡೆ ಇದು ಬಹಳ ಕಟ್ಟುನಿಟ್ಟು. ಕೂಗು ಕೇಳಿ ನಾನು ಓಡಿದೆ. ಅತ್ತೆ ಅಂಗಳದಲ್ಲೇ ಕೈ ಅಡ್ಡ ಹಿಡಿದು ದೂರದಿಂದಲೇ ನಿಲ್ಲಿಸಿದರು.

“ಒಳಗೆ ಬರ್ಬೇಡ ಕಣೇ. ಹುಳ ಹಸ್ದಿವೆ. ಸೊಪ್ಪು ತಗೊಂಡ್ ಬಾ.”

“ಅತ್ತೆ, ಒಂದ್ ಸಲ ಮುಖ…”

“ಅವ್ರು ಕಾಯ್ತಾರೆ. ಹುಳ ಕಾಯಲ್ಲ. ಹೋಗು.”

ಹೋದೆವು. ಸೊಪ್ಪು ಕೊಯ್ದು ಪೇರಿಸಿ ಹೊರಡೋ ಹೊತ್ತಿಗೆ ಮಧ್ಯಾಹ್ನದ ಗಾಳಿ ಎದ್ದಿತ್ತು. ನಮ್ಮನೆಯವರು ಹುಟ್ಟಿಗೆ ಕೂತರು, ನಾನು ಮಾವನ ಜಾಗದಲ್ಲಿ ಕೂತೆ. ಅಲ್ಲಿವರೆಗೂ ನಾನು ಆ ಹಿಡಿಯನ್ನ ಮುಟ್ಟಿರಲಿಲ್ಲ. ಎಷ್ಟು ಹಗುರ ಇತ್ತು ಅಂದರೆ ಮೊದಲು ಹೆದರಿಕೆಯೇ ಆಯಿತು. ಕೊಂಚೆಂ, ಕೊಂಚೆಂ ಅಂದುಕೊಂಡೆ. ದೋಣಿ ನೆಟ್ಟಗೆ ಹೊರಟಿತು.

ಕೆರೆಯ ನಡುವೆ ಬಂದಾಗ ಕಟ್ಟೆ ಕಡೆಯಿಂದ ತಮಟೆ ಕೇಳಿಸಿತು. ಸಂಜೆ ಎತ್ತೋದು ಅಂದಿದ್ದರು, ಮಾವನ ಮುಳಬಾಗಿಲಿನ ನೆಂಟರು ಬೇಗ ಬಂದದ್ದಕ್ಕೆ ಅಷ್ಟು ಹೊತ್ತು ಕಾಯಲಿಲ್ಲ. ಕಟ್ಟೆ ಮೇಲೆ ಜನ ಸಾಲಾಗಿ ನಡೀತಾ ಇದ್ದರು, ಮುಂದೆ ಹೂವಿನ ಚಟ್ಟ. ನಮ್ಮನೆಯವರು ಹುಟ್ಟು ಎತ್ತಿ ಹಿಡಿದು ಸುಮ್ಮನೆ ನೋಡುತ್ತಾ ಕೂತುಬಿಟ್ಟರು. ದೋಣಿಯ ಓಟ ಇಳೀತು, ನನ್ನ ಕೈಯಲ್ಲಿದ್ದ ಹಿಡಿ ಸತ್ತ ಹಾಗಾಯಿತು. ನೀರು ಹಿಂದಕ್ಕೆ ಹರಿಯುತ್ತಿದ್ದರೆ ತಾನೇ ಹಲಗೆಗೆ ಕೆಲಸ. ಗಾಳಿ ನಮ್ಮನ್ನ ಅಡ್ಡ ತಿರುಗಿಸೋಕೆ ಶುರು ಮಾಡಿತು.

“ಹಾಕ್ರೀ! ನಿಲ್ಲಿಸ್ಬೇಡ್ರೀ!” ಅಂತ ಕಿರುಚಿದೆ. ಅವರು ಅಳ್ತಾನೇ ಹುಟ್ಟು ಹಾಕಿದರು. ನಾನು ಕಟ್ಟೆ ಕಡೆ ತಿರುಗಲಿಲ್ಲ, ತಿರುಗಿದ್ದರೆ ಕೈಯೂ ತಿರುಗುತ್ತಿತ್ತು. ದಡ ಮುಟ್ಟಿದಾಗ ತಮಟೆ ನಿಂತಿತ್ತು.

ಸೊಪ್ಪು ಹಾಕಿ ಹೊರಗೆ ಬಂದೆ. ಅತ್ತೆ ತಮ್ಮ ಬಾಗಿಲಿನಿಂದಲೇ ಕೇಳಿದರು. “ಒದ್ದೆ ಆಯ್ತಾ?”

“ಒಂದೆಲೆಯೂ ಆಗಿಲ್ಲ ಅತ್ತೆ.”

ಬೆಳಗಿನಿಂದ ಕಣ್ಣೀರು ಹಾಕದಿದ್ದ ಹೆಂಗಸು ಆಗ ಗೋಡೆಗೆ ಒರಗಿ ಅತ್ತರು.

ಈಗ ಆಚೆ ದಡಕ್ಕೆ ಟಾರ್ ರಸ್ತೆ ಆಗಿದೆ. ಸೊಪ್ಪು ಟೆಂಪೋದಲ್ಲಿ ಬರುತ್ತೆ. ದೋಣಿ ಬಿರುಕು ಬಿಟ್ಟು ಎಲ್ಲೋ ಹೋಯಿತು. ಹೋದ ವಾರ ಸಿಕ್ಕ ಹಲಗೆಯನ್ನ ತೊಳೆದು ಜಗುಲಿ ಮೇಲೆ ಬಿಸಿಲಿಗೆ ಇಟ್ಟಿದ್ದೆ. ಎದುರು ಬಾಗಿಲಲ್ಲಿ ಕೂತಿದ್ದ ಅತ್ತೆಗೆ ಕಣ್ಣು ಮಂಜು, ಆದರೂ ಏನೋ ಇದೆ ಅಂತ ಗೊತ್ತಾಗಿ ಕೋಲೂರಿಕೊಂಡು ಬಂದರು. ತಡವಿ ನೋಡಿದರು.

“ಇದು ಅವ್ರ ಸ್ಟೇರಿಂಗಲ್ವೇನೇ? ಒಂದ್ ದಿನಾನೂ ಮುಟ್ಟೋಕೆ ಬಿಡ್ಲಿಲ್ಲ ಆ ಮನುಷ್ಯ.”

ಹೇಳಬೇಡ ಅಂತ ಮಾವ ಅಂದಿದ್ದು ನೆನಪಿತ್ತು. ಇನ್ನು ಯಾರು ಯಾರ ತಲೆ ಮೇಲೆ ಕೂರೋದು…

“ನಿಮ್ಮ ಮಣಿಕಟ್ಟು ನೋಯಬಾರದು ಅಂತಲೇ ಕೆತ್ತಿದ್ದು ಅತ್ತೆ. ನಿಮ್ಮ ಕೈಗೆ” ಅಂದೆ.

ಅವರು ಜಗುಲಿ ಮೇಲೆ ಕೂತು ಹಿಡಿಯನ್ನ ಹಿಡಿದುಕೊಂಡರು. ನಾನು ಚಂದ್ರಿಕೆಗಳನ್ನೆಲ್ಲಾ ಹರವಿ ಮುಗಿಸಿ ಬಂದರೂ ಬಿಟ್ಟಿರಲಿಲ್ಲ.