ಕಟ್ಟಿ ಮೇಯಿಸಿದ ಮಾವ

ಮೊನ್ನೆ ಮಗಳು ಮನೆಗೊಂದು ತೂಕದ ಯಂತ್ರ ತಂದಳು. ಮದುವೆಯಲ್ಲಿ ಎಷ್ಟು ತೂಗುತ್ತಿದ್ದೆನೋ ಈಗಲೂ ಅಷ್ಟೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನು. ಎದೆಯುಬ್ಬಿಸಿ ಹತ್ತಿ ನಿಂತೆ. ತೂಕ ಅಷ್ಟೇ ಇತ್ತು. ಆದರೆ ಈ ಯಂತ್ರ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವಂಥದ್ದಲ್ಲ. ಮೈಯಲ್ಲಿ ಮಾಂಸವೆಷ್ಟು, ಕೊಬ್ಬೆಷ್ಟು ಎಂಬುದನ್ನೂ ತೋರಿಸಿ ನನ್ನ ಮಾನ ಕಳೆಯಿತು. ಮಗಳು ನಕ್ಕಳು. ನನಗೆ ಗಬ್ಬೂರಿನ ಬೀರಪ್ಪ ಮಾವ ನೆನಪಾದ.

ಬೀರಪ್ಪ ನನ್ನ ತಾಯಿಯ ತಮ್ಮ, ಕುರಿ ವ್ಯಾಪಾರಿ. ದೇವದುರ್ಗದ ಸಂತೆಯಲ್ಲಿ ಕುರಿ ಕೊಳ್ಳುವವರು ಕಣ್ಣನ್ನು ನಂಬುವುದಿಲ್ಲ. ಉಣ್ಣೆ ದಟ್ಟವಾಗಿದ್ದರೆ ಬಡಕಲು ಕುರಿಯೂ ಮೈತುಂಬಿದಂತೆ ಕಾಣುತ್ತದೆ. ಅದಕ್ಕೇ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡುತ್ತಾರೆ. ಮಾವ ಹೆಬ್ಬೆರಳಿಟ್ಟನೆಂದರೆ ಮಾರುವವರು ಮುಖ ತಿರುಗಿಸುತ್ತಿದ್ದರು. ಆಗಷ್ಟೇ ಮಾನ್ವಿಯಲ್ಲಿ ಮಾಸ್ತರನಾಗಿದ್ದ ನನ್ನ ತೋಳನ್ನೂ ಬಿಡುತ್ತಿರಲಿಲ್ಲ. ಒತ್ತಿ ನೋಡಿ, ಈ ವರ್ಷವೂ ಮಾರಾಟಕ್ಕೆ ಬರುವುದಿಲ್ಲವೆಂದು ತೀರ್ಪು ಕೊಡುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮರಿಗಳಿಗೆ ತೊಪ್ಪಲು ಕಡಿಯಲು ಮರ ಹತ್ತಿದ ಮಾವ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿದೆ, ಕಾಲು ಇನ್ನು ಏಳುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದರು. ಮನೆಮಂದಿಯೆಲ್ಲ ಅತ್ತೆವು. ಮಾವ ಕೇಳಿದ್ದು ಒಂದೇ, ಸಂತೆಗೆ ಹೋಗಬಹುದೋ ಇಲ್ಲವೋ. ತೋಳಿನ ಬಲದಿಂದ ಮೈ ಎತ್ತಿಕೊಳ್ಳುವುದನ್ನು ಕಲಿತರೆ ಹೋಗಬಹುದು ಎಂದರು ಅವರು. ಮಲಗುವ ಹೊರಸಿನಿಂದ ಬಂಡಿಗೆ ತಾನೇ ಜರುಗಿ ಕೂರಬೇಕೆನ್ನುವುದು ಅಂದಿನಿಂದ ಮಾವನ ಹಟವಾಯಿತು. ಇಬ್ಬರು ಹೊತ್ತು ಬಂಡಿಗೆ ಹಾಕಿದರೆ, ತನ್ನನ್ನೂ ಮಾರಲು ತಂದಿದ್ದಾರೆಂದು ಸಂತೆಯವರು ತಿಳಿದಾರು ಎನ್ನುತ್ತಿದ್ದ.

ನೆಂಟರ ದಾರಿಯೇ ಬೇರೆ. ಕಾಲಿಗೆ ಕಾಲೇ ಮದ್ದೆಂದು ಮಾನ್ವಿಯವರು ಕುರಿಯ ಕಾಲು ತಂದರು, ಚೀಕಲಪರ್ವಿಯ ಬೀಗರು ತುಪ್ಪ ತಂದರು. ಮಾವನ ಹೆಂಡತಿ ಮಲ್ಲಮ್ಮತ್ತೆ ಮೂರು ಹೊತ್ತೂ ಕಾಲಿನ ಸಾರು ಕಾಸಿದಳು. ಅವನ ಕಾಲುಗಳು ಸಣ್ಣಗಾಗುವುದನ್ನು ಆಕೆಗೆ ನೋಡಲಾಗುತ್ತಿರಲಿಲ್ಲ. ಬಂದವರ ಕಣ್ಣಿಗೆ ಬೀಳದಿರಲೆಂದು ಎರಡೆರಡು ಧೋತರ ಸುತ್ತುತ್ತಿದ್ದಳು. ವರ್ಷದ ಮೇಲೆ ಒಂದು ದಿನ, ಮಾವ ಹಿಂದೆ ತಮಾಷೆಗೆ ಕೂತು ತೂಗಿಸಿಕೊಂಡಿದ್ದ ಹತ್ತಿ ತೂಗುವ ಕಾಟಾದ ಮೇಲೆಯೇ ಅವನನ್ನು ಕೂರಿಸಿದಳು. ಬೀಳುವ ಮೊದಲಿನಷ್ಟೇ ತೂಕ. ಓಣಿಗೆಲ್ಲ ಸಕ್ಕರೆ ಹಂಚಿದಳು.

ಬಾಯಲ್ಲಿ ಸಕ್ಕರೆ ಇರುವಾಗಲೇ ಮಾವ ಹೊರಸಿನಿಂದ ಬಂಡಿಗೆ ಜರುಗಲು ನೋಡಿದ. ತೋಳು ನಡುಗಿತು, ಮೈ ಏಳಲಿಲ್ಲ. ಆಮೇಲೆ ಎರಡೂ ಧೋತರ ಸರಿಸಿ, ಸಂತೆಯಲ್ಲಿ ಒತ್ತುವಂತೆಯೇ ತನ್ನ ತೊಡೆ ಒತ್ತಿದ, ಹೊಟ್ಟೆ ಒತ್ತಿದ, ಮತ್ತೆ ತೊಡೆ ಒತ್ತಿದ.

"ಮಾಸ್ತರ, ಬೆರಳಿಗೆ ತೊಡಿ ತಿಳಿಯಾಕತ್ತದ, ತೊಡಿಗೆ ಬೆರಳು ತಿಳಿವಲ್ದು," ಎಂದ. "ಮಂದಿ ಕುರಿ ಮುಟ್ಟಿದಂಗ ಆಗ್ತದ ನೋಡು."

ಮಾವ ತೀರ್ಪು ಕೊಡದೆ ಕೈ ತೆಗೆಯುವವನಲ್ಲ. ಅತ್ತೆಯನ್ನು ಕರೆದ.

"ತೂಕ ಅಷ್ಟ ಅದ, ಖರೆ. ಖಂಡ ಹೋಗಿ ಕೊಬ್ಬು ಕುಂತದ. ಕಟ್ಟಿ ಮೇಯಿಸೀದಿ ನೀ ನನ್ನ. ಈ ಕುರಿ ನಾ ಆದ್ರ ತಗೊಳ್ಳಂಗಿಲ್ಲ."

ಅತ್ತೆ ಸಿಟ್ಟಾದಳು. ಬಿದ್ದ ಗಂಡನಿಗೆ ತುಪ್ಪ ಹಾಕದವಳು ಎಂದು ನೆಂಟರು ಆಡಿಕೊಂಡರೆ? ಆದರೆ ಡಾಕ್ಟರೂ ಅದನ್ನೇ ಹೇಳಿದರು: ಕೆಲಸವಿಲ್ಲದ ಕಾಲಿನ ಮಾಂಸ ಕರಗುತ್ತದೆ, ಸಾರು ಕುಡಿದರೆ ಅದು ಮರಳುವುದಿಲ್ಲ, ಊಟ ಹಿತಮಿತವಾಗಿರಲಿ, ತೋಳು ದುಡಿಯಲಿ. ಅಂದಿನಿಂದ ತುಪ್ಪ ತಂದವರಿಗೇ ತುಪ್ಪ ಬಡಿಸುವ ಪದ್ಧತಿ ಆ ಮನೆಯಲ್ಲಿ ಶುರುವಾಯಿತು. ತರದ ನಾನೂ ಉಂಡು ದುಂಡಗಾದೆ.

ಮಾವ ಹೊರಸಿನ ಮೇಲೆ ಕೈಯೂರಿ ಮೈ ಎತ್ತುತ್ತಲೇ ಇದ್ದ. ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ತಾನೇ ಬಂಡಿಗೆ ಜರುಗಿದ. ಹಿಡಿಯಲು ಚಾಚಿದ ಕೈಯನ್ನು ಅತ್ತೆ ಹಿಂದಕ್ಕೆಳೆದುಕೊಂಡಳು. ಅವನು ಕೂತ ಮೇಲೆ ಹತ್ತಿರ ಬಂದು, ಹೆಬ್ಬೆರಳಿನಿಂದ ಅವನ ತೋಳು ಒತ್ತಿ ನೋಡಿದಳು.

"ಈಗ ಒಯ್ಯಾಕ ಅಡ್ಡಿಯಿಲ್ಲ ಸಂತಿಗೆ," ಎಂದಳು. ಆಕೆಯ ಕಣ್ಣು ತುಂಬಿತ್ತು.

ಮೊನ್ನೆ ನಾನೂ ಯಂತ್ರದಿಂದಿಳಿದು ಕುರ್ಚಿಯಲ್ಲಿ ಕೂತು, ಕೈಯೂರಿ ಮೈ ಎತ್ತಲು ನೋಡಿದೆ. ಕುರ್ಚಿ ಕಿರುಗುಟ್ಟಿತು, ನಾನು ಏಳಲಿಲ್ಲ. ಇದೇನು ನಡೆಸಿದ್ದೀ ಎಂದು ಮಗಳು ಕೇಳಿದಳು. ನಾನು ತೊಡೆಗೆ ಹೆಬ್ಬೆರಳಿಟ್ಟು ಒತ್ತಿದೆ. ಮಾವ ಕೊಳ್ಳುವಂಥ ಮಾಲೇನಲ್ಲ. ಆದರೆ ತೊಡೆಗೆ ಬೆರಳು ತಿಳಿಯಿತು. ಇಷ್ಟು ವರ್ಷ ಆ ತಿಳಿವನ್ನು ನಾನು ತೂಕಕ್ಕೇ ಹಿಡಿದಿರಲಿಲ್ಲ.